ದೊಡ್ಡವರ ಎಡಿಎಚ್‌ಡಿ: ಡಾಕ್ಟರ ಚೀಟಿಯಿಂದ ಕರೆಂಟ್ ಬಿಲ್ಲಿನವರೆಗೆ

"ಚಿಕ್ಕಂದಿನಿಂದ ಹೀಗೇ ಇದ್ದೀನಿ. ಈಗ ನಲವತ್ತು. ಈ ವಯಸ್ಸಲ್ಲಿ ಎಡಿಎಚ್‌ಡಿ ಇರಬಹುದು ಅಂತ ಹೋದರೆ ಡಾಕ್ಟರು ನಗಲ್ವಾ?" ಒಂದಲ್ಲ ಒಂದು ರೂಪದಲ್ಲಿ ಈ ಪ್ರಶ್ನೆ ಬರುತ್ತಲೇ ಇದೆ. ನಗುವುದಿಲ್ಲ, ಹೋಗಿ. ದೊಡ್ಡವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇದು ಇರುತ್ತದೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳ ಅಂದಾಜು. ಅವರಲ್ಲಿ ಬಹಳ ಜನ ಸೋಂಬೇರಿ, ಮರೆಗುಳಿ, ಬೇಜವಾಬ್ದಾರಿ ಎಂಬ ಬೈಗುಳದಲ್ಲೇ ಅರ್ಧ ಆಯಸ್ಸು ಕಳೆದಿರುತ್ತಾರೆ.

ಎಡಿಎಚ್‌ಡಿ ಎಂದರೆ ಅಟೆನ್ಶನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸ. ಬಹುಪಾಲು ವಂಶದಿಂದ ಬರುತ್ತದೆ. ಸಕ್ಕರೆ ಜಾಸ್ತಿ ತಿಂದಿದ್ದಕ್ಕೋ ಅಪ್ಪ ಅಮ್ಮ ಮುದ್ದು ಮಾಡಿದ್ದಕ್ಕೋ ಬರುವುದಲ್ಲ. ಗಮನವನ್ನು ಬೇಕಾದ ಹೊತ್ತಿಗೆ ಬೇಕಾದ ಕಡೆ ತಿರುಗಿಸುವುದು, ಸಮಯ ಅಳೆಯುವುದು, ಹಿಡಿದ ಕೆಲಸ ಮುಗಿಸುವುದು ಇಲ್ಲಿ ಕಷ್ಟ. ಹತ್ತು ವರ್ಷದ ಹಿಂದಿನ ಕ್ರಿಕೆಟ್ ಸ್ಕೋರ್ ನೆನಪಿರುತ್ತದೆ, ಒಲೆ ಮೇಲೆ ಹಾಲಿಟ್ಟಿದ್ದು ಐದು ನಿಮಿಷಕ್ಕೆ ಮರೆತುಹೋಗುತ್ತದೆ.

ಮುಂದೆ ಬರೆದಿದ್ದೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ. ನೆನಪಿಟ್ಟುಕೊಳ್ಳುತ್ತೇನೆ, ನಾಳೆಯಿಂದ ಗಟ್ಟಿ ಮನಸ್ಸು ಮಾಡುತ್ತೇನೆ ಎಂದು ಯೋಜನೆ ಹಾಕಬೇಡಿ. ಮರೆತೇ ಮರೆಯುತ್ತೇನೆ ಎಂದು ಒಪ್ಪಿಕೊಂಡು ಮನೆ, ಕೆಲಸ, ದುಡ್ಡು ಜೋಡಿಸಿಕೊಳ್ಳಿ. ಮರೆತರೂ ಆಗುವ ನಷ್ಟ ಚಿಕ್ಕದಾಗಿರಬೇಕು, ಅಷ್ಟೇ.

ಹಂತ 1: ಅನುಮಾನ ಸರಿಯಾ ನೋಡಿಕೊಳ್ಳಿ

ಮೂರು ವಿಷಯ ನೋಡಿ. ಈ ತೊಂದರೆಗಳು 12 ವರ್ಷದ ಒಳಗೇ ಶುರುವಾಗಿದ್ದವಾ? ಮನೆ, ಕೆಲಸ, ಗೆಳೆತನ, ಹೀಗೆ ಕನಿಷ್ಠ ಎರಡು ಕಡೆ ಕಾಣುತ್ತವಾ? ಇದರಿಂದ ನಿಜವಾದ ನಷ್ಟ ಆಗುತ್ತಿದೆಯಾ: ಕೆಲಸ ಹೋಗುವುದು, ದಂಡ ಕಟ್ಟುವುದು, ಜಗಳ, ಗಾಡಿಯಲ್ಲಿ ಬೀಳುವುದು? ಮೂರಕ್ಕೂ ಹೌದು ಅಂದರೆ ಮುಂದಿನ ಹಂತಕ್ಕೆ ಹೋಗಿ.

ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಎಂಬ ಪ್ರಶ್ನಾವಳಿ ಉಚಿತವಾಗಿ ಸಿಗುತ್ತದೆ. ಒಟ್ಟು 18 ಪ್ರಶ್ನೆ. ಮೊದಲ ಆರು ಮುಖ್ಯ. ಅದು ಅನುಮಾನವನ್ನು ಗಟ್ಟಿ ಮಾಡುತ್ತದೆಯೇ ಹೊರತು ರೋಗ ನಿರ್ಧರಿಸುವುದಿಲ್ಲ. ರೀಲ್ಸ್ ನೋಡಿ ನಿರ್ಧಾರಕ್ಕೆ ಬರುವುದಂತೂ ಬೇಡವೇ ಬೇಡ. ಕೀಲಿ ಎಲ್ಲಿಟ್ಟೆ ಅಂತ ಹುಡುಕುವುದು ಮನುಷ್ಯರ ಜಾತಿಗೇ ಇರುವ ಖಾಯಿಲೆ.

ಈ ತೊಂದರೆ ಒಂದೆರಡು ವರ್ಷದಿಂದ ಮಾತ್ರ ಇದ್ದರೆ ಕಾರಣ ಬೇರೆ ಇರುವುದೇ ಜಾಸ್ತಿ. ನಿದ್ದೆಗೇಡು, ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ, ಖಿನ್ನತೆ, ಆತಂಕ, ಸ್ಲೀಪ್ ಆಪ್ನಿಯಾ (ಗೊರಕೆಯ ಮಧ್ಯೆ ಉಸಿರು ಆಗಾಗ ನಿಲ್ಲುವುದು) ಎಲ್ಲವೂ ಗಮನ ಕೆಡಿಸುತ್ತವೆ.

ಹೆಂಗಸರಿಗೆ ಒಂದು ಮಾತು. ಹುಡುಗಿಯರಲ್ಲಿ ಕುಣಿದಾಟ ಕಮ್ಮಿ, ಕಿಟಕಿ ಆಚೆ ನೋಡುತ್ತಾ ಕೂರುವುದು ಜಾಸ್ತಿ. ತರಗತಿಗೆ ತೊಂದರೆ ಕೊಡದವಳ ಬಗ್ಗೆ ಮೇಷ್ಟ್ರು ದೂರು ಹೇಳುವುದಿಲ್ಲ. ಹಾಗಾಗಿ ಎಷ್ಟೋ ಜನರಿಗೆ ತಮ್ಮ ಮಗುವನ್ನು ತೋರಿಸಲು ಹೋದಾಗಲೇ "ಅರೆ, ಇದು ನಾನೇ" ಅನ್ನಿಸುವುದು.

ಹಂತ 2: ಹೋಗುವ ಮೊದಲು ಕಾಗದ ಸಿದ್ಧ ಮಾಡಿ

ಡಾಕ್ಟರ ಎದುರು ಕೂತಾಗ ನಿಮಗೆ ಏನೂ ನೆನಪಾಗುವುದಿಲ್ಲ. ಅದು ಈ ತೊಂದರೆಯದ್ದೇ ಭಾಗ. ಒಂದು ಹಾಳೆಯಲ್ಲಿ ನಡೆದ ಉದಾಹರಣೆಗಳನ್ನು ಬರೆದುಕೊಳ್ಳಿ. "ಗಮನ ಇರುವುದಿಲ್ಲ" ಎಂದು ಬರೆದರೆ ಪ್ರಯೋಜನ ಕಮ್ಮಿ. "ಗಾಡಿ ಇನ್ಶೂರೆನ್ಸ್ ಎರಡು ಸಲ ತಪ್ಪಿಹೋಯಿತು, ಮೂರು ಕೋರ್ಸ್‌ಗೆ ದುಡ್ಡು ಕಟ್ಟಿ ಒಂದೂ ಮುಗಿಸಲಿಲ್ಲ" ಎಂದು ಬರೆದರೆ ಡಾಕ್ಟರಿಗೆ ಕೆಲಸ ಸುಲಭ.

ಹಳೆಯ ಪ್ರಗತಿ ಪತ್ರ ಇದ್ದರೆ ಹುಡುಕಿ. "ಬುದ್ಧಿವಂತ, ಆದರೆ ಪಾಠದ ಕಡೆ ಗಮನವಿಲ್ಲ" ಎಂಬ ಒಂದು ಸಾಲು ಬಹಳ ಹೇಳುತ್ತದೆ. ಇಲ್ಲದಿದ್ದರೆ ಅಮ್ಮನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ, ಅಥವಾ ಫೋನಿನಲ್ಲಾದರೂ ಸಿಗುವಂತೆ ಹೇಳಿಡಿ. ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ, ನಿಮಗೆ ಅಥವಾ ಮನೆತನದಲ್ಲಿ ಹೃದಯದ ತೊಂದರೆ, ಬಿಪಿ, ಚಿಕ್ಕ ವಯಸ್ಸಿನ ಹಠಾತ್ ಸಾವು, ಬೈಪೋಲಾರ್ (ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಇದ್ದರೆ ಅದನ್ನೂ ಬರೆಯಿರಿ. ಕುಡಿತ, ಸಿಗರೇಟು, ಗುಟ್ಕಾ ಮುಚ್ಚಿಡಬೇಡಿ. ಯಾವ ಗುಳಿಗೆ ಕೊಡಬೇಕು ಎಂಬುದು ಇದರ ಮೇಲೇ ನಿಂತಿರುತ್ತದೆ.

ಹಂತ 3: ಯಾರ ಹತ್ತಿರ, ಎಲ್ಲಿಗೆ?

ರೋಗ ನಿರ್ಧರಿಸಿ ಔಷಧಿ ಬರೆಯುವವರು ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್. ವಿವರವಾದ ಪರೀಕ್ಷೆ, ಮಾತಿನ ಚಿಕಿತ್ಸೆ ಮಾಡುವವರು ಕ್ಲಿನಿಕಲ್ ಸೈಕಾಲಜಿಸ್ಟ್. ಇವರು ಔಷಧಿ ಬರೆಯುವಂತಿಲ್ಲ. ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಇದೆಯಾ ಎಂದು ಕೇಳಲು ಸಂಕೋಚ ಬೇಡ. "ಕೌನ್ಸೆಲರ್", "ಕೋಚ್" ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮೂರಿನಲ್ಲಿ ಯಾವ ಮಂಗಳವಾರ ಎಂದು ಮೊದಲೇ ಫೋನ್ ಮಾಡಿ ಕೇಳಿ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಖಾಸಗಿ ಕ್ಲಿನಿಕ್ ಆದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ "ದೊಡ್ಡವರ ಎಡಿಎಚ್‌ಡಿ ನೋಡ್ತಾರಾ?" ಎಂದು ಕೇಳಿಬಿಡಿ.

ಅಲ್ಲಿ ನಡೆಯುವುದು ಮುಖ್ಯವಾಗಿ ಮಾತುಕತೆ. ಮಾನಸಿಕ ಕಾಯಿಲೆ ಗುರುತಿಸಲು ಡಾಕ್ಟರುಗಳು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿ ಪ್ರಕಾರ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತು ಲಕ್ಷಣ. ದೊಡ್ಡವರಿಗೆ ಯಾವುದಾದರೂ ಒಂದು ಪಟ್ಟಿಯಲ್ಲಿ ಐದು ಇರಬೇಕು.

ಎಚ್ಚರಿಕೆ: ಎಡಿಎಚ್‌ಡಿ ಪತ್ತೆ ಮಾಡುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಬರೆದರೆ ಅದು ಬೇರೆ ಕಾರಣ ಇಲ್ಲ ಎಂದು ಖಚಿತ ಮಾಡಿಕೊಳ್ಳಲು. "ಬ್ರೈನ್ ಮ್ಯಾಪಿಂಗ್ ಪ್ಯಾಕೇಜ್" ಎಂದು ಯಾರಾದರೂ ಸಾವಿರಾರು ರೂಪಾಯಿ ಹೇಳಿದರೆ ಎದ್ದು ಬನ್ನಿ.

"ಇಷ್ಟು ಓದಿದ್ದೀರಿ, ಕೆಲಸದಲ್ಲಿದ್ದೀರಿ, ನಿಮಗೆಲ್ಲಿಯ ಎಡಿಎಚ್‌ಡಿ" ಎಂದು ಐದು ನಿಮಿಷದಲ್ಲಿ ಕಳಿಸಿಬಿಟ್ಟರೆ ಇನ್ನೊಬ್ಬರನ್ನು ನೋಡಿ. ಆದರೆ ಪೂರ್ತಿ ಕೇಳಿ ವಿಚಾರಿಸಿ "ಇಲ್ಲ, ಇದು ಆತಂಕ" ಎಂದರೆ ಆ ಮಾತಿಗೂ ಬೆಲೆ ಕೊಡಿ. ಬೇಕಾದ ಉತ್ತರ ಸಿಗುವವರೆಗೆ ಡಾಕ್ಟರನ್ನು ಬದಲಾಯಿಸುತ್ತಾ ಹೋಗುವುದು ತಪ್ಪು.

ಹಂತ 4: ಔಷಧಿ

ಜಾಸ್ತಿ ಗೊಂದಲ ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ನಮ್ಮಲ್ಲಿ ಮುಖ್ಯವಾಗಿ ಬಳಸುವುದು ಎರಡು. ಒಂದು ಮೀಥೈಲ್‌ಫೆನಿಡೇಟ್. ಇದು ಸ್ಟಿಮ್ಯುಲಂಟ್, ಅಂದರೆ ಮಿದುಳಿನ ಕೆಲಸಕ್ಕೆ ಚುರುಕು ಕೊಡುವ ಗುಂಪಿನ ಔಷಧಿ. ತೆಗೆದುಕೊಂಡ ಒಂದು ಗಂಟೆಯೊಳಗೆ ಪರಿಣಾಮ ಶುರು. ಮಾಮೂಲಿ ಗುಳಿಗೆ ಸುಮಾರು ನಾಲ್ಕು ಗಂಟೆ ಬಾಳುತ್ತದೆ, ನಿಧಾನವಾಗಿ ಬಿಡುಗಡೆಯಾಗುವ ಬಗೆಯದ್ದು ಎಂಟು ಗಂಟೆ ಅಥವಾ ಅದಕ್ಕಿಂತ ಹೆಚ್ಚು. ಇನ್ನೊಂದು ಆಟೊಮೊಕ್ಸೆಟಿನ್. ಇದು ಸ್ಟಿಮ್ಯುಲಂಟ್ ಅಲ್ಲ. ಪರಿಣಾಮ ಪೂರ್ತಿ ಕಾಣಲು ವಾರಗಟ್ಟಲೆ ಬೇಕು. ಹತ್ತು ದಿನ ತಿಂದು "ಏನೂ ಆಗಲಿಲ್ಲ" ಎಂದು ಬಿಡುವವರು ಬಹಳ.

ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಕಟ್ಟುನಿಟ್ಟಿನ ನಿಯಂತ್ರಣದಲ್ಲಿರುವುದು. ಚೀಟಿಯ ಎರಡು ಪ್ರತಿ ಬೇಕು. ಒಂದನ್ನು ಮೆಡಿಕಲ್ ಶಾಪಿನವರು ಇಟ್ಟುಕೊಳ್ಳುತ್ತಾರೆ, ಎರಡು ವರ್ಷ ಕಾಪಾಡಬೇಕು. ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕಾದ್ದರಿಂದ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಮನೆಗೆ ತಂದುಕೊಡುವ ಆ್ಯಪ್ ನಂಬಿ ಕೂರಬೇಡಿ. ಡಾಕ್ಟರ ಕೋಣೆಯಿಂದ ಏಳುವ ಮೊದಲೇ ಕೇಳಿ: ಎರಡು ಪ್ರತಿ ಇದೆಯಾ, ನನ್ನ ಹೆಸರು, ವಿಳಾಸ, ಪ್ರಮಾಣ, ಎಷ್ಟು ಗುಳಿಗೆ ಎಂಬುದೆಲ್ಲ ಸರಿಯಾಗಿದೆಯಾ, ಎಲ್ಲಿ ಸಿಗುತ್ತದೆ? ದೊಡ್ಡ ಆಸ್ಪತ್ರೆಯ ಒಳಗಿನ ಔಷಧಿ ಅಂಗಡಿಯಲ್ಲಿ ಸಿಗುವ ಸಾಧ್ಯತೆ ಜಾಸ್ತಿ.

ಹಸಿವು ಕಮ್ಮಿ ಆಗುವುದು, ನಿದ್ದೆ ತಡವಾಗುವುದು, ಬಾಯಿ ಒಣಗುವುದು, ಎದೆಬಡಿತ ಮತ್ತು ಬಿಪಿ ಸ್ವಲ್ಪ ಏರುವುದು ಇದ್ದದ್ದೇ. ತಿಂಡಿ ತಿಂದು ಆಮೇಲೆ ಗುಳಿಗೆ ತೆಗೆದುಕೊಂಡರೆ ಮಧ್ಯಾಹ್ನ ಊಟ ಸೇರದಿದ್ದರೂ ಹೊಟ್ಟೆಯಲ್ಲಿ ಏನೋ ಒಂದಿರುತ್ತದೆ. ಸ್ಟಿಮ್ಯುಲಂಟ್ ಅನ್ನು ಸಂಜೆ ಹೊತ್ತಿಗೆ ತಳ್ಳಬೇಡಿ. ಕಾಫಿ ಇಳಿಸಿ. ಗುಳಿಗೆ ಜೊತೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿದು ಎದೆ ಡವಡವ ಅಂತಿದೆ ಅಂದರೆ ಔಷಧಿಯದ್ದೇನು ತಪ್ಪು? ಮೊದಲ ವಾರಗಳಲ್ಲಿ ದಿನಕ್ಕೊಂದು ಸಾಲು ಬರೆಯಿರಿ: ಎಷ್ಟು ಹೊತ್ತಿಗೆ ತೆಗೆದುಕೊಂಡೆ, ಹಸಿವು, ನಿದ್ದೆ, ಸಂಜೆ ರೇಗಾಟ ಇತ್ತಾ. ಪ್ರಮಾಣ ಸರಿಮಾಡಲು ಡಾಕ್ಟರಿಗೆ ಬೇಕಾದದ್ದು ಇದೇ. ಎದೆನೋವು, ತಲೆ ತಿರುಗಿ ಬೀಳುವುದು, ಮನಸ್ಸು ತೀರಾ ಕುಗ್ಗುವುದು, ಇಲ್ಲದ್ದು ಕೇಳಿಸುವುದು ಆದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅದೇ ದಿನ ಹೋಗಿ. ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ಹೇಳಿ.

ಗುಳಿಗೆ ಗಮನವನ್ನು ಹಿಡಿದು ನಿಲ್ಲಿಸುತ್ತದೆ. ಯಾವುದರ ಮೇಲೆ ಎಂದು ಅದು ಹೇಳಿಕೊಡುವುದಿಲ್ಲ. ತಿಂದ ಮೇಲೆ ಫೋನ್ ಹಿಡಿದರೆ ನಾಲ್ಕು ಗಂಟೆ ಫೋನೇ. ಆ ಹೊತ್ತಿಗೆ ಮಾಡಬೇಕಾದ ಕೆಲಸವನ್ನು ಹಿಂದಿನ ರಾತ್ರಿಯೇ ಮೇಜಿನ ಮೇಲೆ ತೆಗೆದಿಟ್ಟಿರಿ.

ಇನ್ನೊಂದು ಎಚ್ಚರಿಕೆ ಹೊರದೇಶದ ನಂಟು ಇರುವವರಿಗೆ. ಅಮೆರಿಕದಲ್ಲಿರುವ ತಮ್ಮನ ಕೈಲಿ ಆ್ಯಡರಾಲ್ (ಅಲ್ಲಿ ಎಡಿಎಚ್‌ಡಿಗೆ ಕೊಡುವ ಗುಳಿಗೆ) ತರಿಸುವ ಯೋಚನೆ ಬಿಟ್ಟುಬಿಡಿ. ಅದರಲ್ಲಿರುವುದು ಆಂಫೆಟಮಿನ್. ಇಲ್ಲಿ ಅದು ಮಾರಾಟಕ್ಕಿಲ್ಲ, 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಮೀಥೈಲ್‌ಫೆನಿಡೇಟ್ ಕೂಡ ಅದೇ ಪಟ್ಟಿಯದ್ದು. ನಿಮ್ಮ ಗುಳಿಗೆಯನ್ನು ಪರೀಕ್ಷೆಗೆ ಓದುವ ನೆಂಟರ ಹುಡುಗನಿಗೆ ಕೊಡುವುದೂ ಅಪರಾಧವೇ. ಅಲ್ಲಿಂದ ಊರಿಗೆ ವಾಪಸ್ ಬರುವವರು ಇಲ್ಲಿ ಸಿಗುವ ಔಷಧಿಗೆ ಬದಲಾಯಿಸಿಕೊಳ್ಳುವ ಬಗ್ಗೆ ಹೊರಡುವ ತಿಂಗಳುಗಳ ಮೊದಲೇ ಅಲ್ಲಿಯ ಡಾಕ್ಟರ ಜೊತೆ ಮಾತಾಡಿ. ಜಪಾನಿಗೆ ಹೋಗುವವರಂತೂ ಆ್ಯಡರಾಲ್ ಮುಟ್ಟಲೇಬೇಡಿ. ಅಲ್ಲಿ ಚೀಟಿ ಇದ್ದರೂ ಒಳಗೆ ಬಿಡುವುದಿಲ್ಲ.

ಔಷಧಿ ಬೇಡ ಅನ್ನುವವರಿಗೆ, ಔಷಧಿ ಜೊತೆಗೂ, ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಉಪಯೋಗಕ್ಕೆ ಬರುತ್ತದೆ. ಯೋಚನೆಯ ಜಾಡು ಮತ್ತು ದಿನದ ಅಭ್ಯಾಸ ಎರಡನ್ನೂ ತಿದ್ದುವ ಕ್ರಮ ಅದು. "ನೆನಪಿನ ಶಕ್ತಿ" ಟಾನಿಕ್‌ಗಳ ಬಗ್ಗೆ ನನಗೆ ನಂಬಿಕೆ ಇಲ್ಲ.

ಹಂತ 5: ಮನೆಯನ್ನು ನಿಮ್ಮ ಮರೆವಿಗೆ ಹೊಂದಿಸಿ

ಕಣ್ಣಿಗೆ ಬೀಳದ್ದು ನಿಮಗೆ ಇಲ್ಲವೇ ಇಲ್ಲ. ಡ್ರಾಯರ್ ಒಳಗೆ ಹೋದ ನೋಟಿಸು, ಫ್ರಿಜ್‌ನ ತಳದಲ್ಲಿರುವ ಸೊಪ್ಪು, ಬೀರುವಿನ ಹಿಂದಿನ ಅಂಗಿ, ಎಲ್ಲ ಮಾಯ. ಹಾಗಾಗಿ ಪಾರದರ್ಶಕ ಡಬ್ಬಿ, ತೆರೆದ ಶೆಲ್ಫ್. ಬಾಗಿಲ ಪಕ್ಕ ಒಂದು ಮೊಳೆ, ಅದರಲ್ಲೇ ಕೀಲಿ. ಕೆಳಗೆ ಒಂದು ಬುಟ್ಟಿ, ಅದರಲ್ಲಿ ಪರ್ಸು, ಐಡಿ ಕಾರ್ಡು, ಕನ್ನಡಕ. ಚೆಂದ ಕಾಣಲ್ಲ ಅಂತ ಮನೆಯವರು ಅನ್ನಬಹುದು. ಅನ್ನಲಿ.

ಅಡುಗೆಮನೆಯಲ್ಲಿ ಹಾಲು ಕಾಯಿಸುವಾಗ ಅಲ್ಲಿಂದ ಕದಲಬೇಡಿ. ಕದಲಲೇಬೇಕಾದರೆ ಒಲೆ ಆರಿಸಿ ಹೋಗಿ. "ಒಂದೇ ನಿಮಿಷ" ಎಂಬುದನ್ನು ನಂಬಬೇಡಿ. ಕುಕ್ಕರ್ ಸೀಟಿ ಎಣಿಸುವ ಬದಲು ಟೈಮರ್ ಇಡಿ. ಹೊತ್ತು ಮುಗಿದ ಮೇಲೆ ತಾನೇ ಆರುವ ಇಂಡಕ್ಷನ್ ಒಲೆ ಕೊಂಡರೆ ಆ ದುಡ್ಡು ದಂಡವಲ್ಲ.

ಸಮಯದ ಅಂದಾಜು ಸಿಗದಿರುವುದಕ್ಕೆ ಟೈಮ್ ಬ್ಲೈಂಡ್‌ನೆಸ್ ಅನ್ನುತ್ತಾರೆ. ಇದಕ್ಕೆ ಮುಳ್ಳಿನ ಗಡಿಯಾರ ಒಳ್ಳೆಯದು, ಉಳಿದ ಹೊತ್ತು ಕಣ್ಣಿಗೆ ಕಾಣುತ್ತದೆ. ಬಚ್ಚಲಲ್ಲೂ ಒಂದು ಹಾಕಿ. ಮದುವೆ ಮುಹೂರ್ತ 10:30 ಎಂದು ಬರೆದುಕೊಳ್ಳಬೇಡಿ. ಮನೆ ಬಿಡುವುದು 9:15 ಎಂದು ಬರೆಯಿರಿ. ಅಲಾರಂ ಇಡುವುದೂ ಆ ಹೊತ್ತಿಗೇ.

ಯೋಜನೆಗೆ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಸಾಕು. ಎಲ್ಲರೂ ಬೀಳುವ ಗುಂಡಿ ಇದು: ಹೊಸ ಡೈರಿ, ನಾಲ್ಕು ಬಣ್ಣದ ಪೆನ್ನು, ಮೂರು ಆ್ಯಪ್ ತಂದು ಒಂದು ಭಾನುವಾರ ಪೂರ್ತಿ ಅದನ್ನು ಸಿಂಗರಿಸುವುದು, ಬುಧವಾರದ ಹೊತ್ತಿಗೆ ಮರೆಯುವುದು. ಒಂದು ಕ್ಯಾಲೆಂಡರ್, ಒಂದು ಪಟ್ಟಿ, ಫೋನಿನ ಅಲಾರಂ. ಬದಲಾವಣೆಯನ್ನೂ ಒಂದೊಂದೇ ತನ್ನಿ. ಮೊಳೆಗೆ ಕೀಲಿ ಹಾಕುವುದು ರೂಢಿಯಾದ ಮೇಲೆ ಮುಂದಿನದು.

ಫೋನ್ ಚಾರ್ಜರ್ ಹಾಲ್‌ನಲ್ಲಿರಲಿ, ಮಲಗುವ ಕೋಣೆಯಲ್ಲಿ ಬೇಡ. ನಿದ್ದೆ ಕೆಟ್ಟ ಮರುದಿನ ಯಾವ ಉಪಾಯವೂ ನಡೆಯುವುದಿಲ್ಲ. ಬೈಕ್ ಓಡಿಸುವಾಗ ಫೋನ್ ಸೀಟಿನ ಕೆಳಗೆ. ಎಡಿಎಚ್‌ಡಿ ಇರುವವರಲ್ಲಿ ಅಪಘಾತ ಜಾಸ್ತಿ, ಇದರಲ್ಲಿ ರಿಯಾಯಿತಿ ಬೇಡ.

ಹಂತ 6: ಕೆಲಸ

ಕೆಲಸ ಶುರುವಾಗದಿರುವುದೇ ದೊಡ್ಡ ಕಷ್ಟ, ಅಲ್ವಾ? ಪಟ್ಟಿಯಲ್ಲಿ "ಜಿಎಸ್‌ಟಿ ರಿಟರ್ನ್" ಎಂದು ಬರೆದರೆ ಅದು ತಿಂಗಳಾದರೂ ಅಲ್ಲೇ ಇರುತ್ತದೆ. "ಬಿಲ್ ಫೈಲ್ ತೆಗೆದು ಮೇಜಿನ ಮೇಲಿಡು" ಎಂದು ಬರೆಯಿರಿ. ಕೈ ಮಾಡುವ ಮೊದಲ ಚಲನೆ ಯಾವುದೋ ಅದು.

ಬಾಡಿ ಡಬ್ಲಿಂಗ್ ಎಂದರೆ ಪಕ್ಕದಲ್ಲಿ ಇನ್ನೊಬ್ಬರು ಕೂತಿರುವುದು, ಅಷ್ಟೇ. ಅವರು ಸಹಾಯ ಮಾಡಬೇಕಿಲ್ಲ, ತಮ್ಮ ಕೆಲಸ ಮಾಡಿಕೊಂಡಿದ್ದರೆ ಸಾಕು. ಎದುರಿಗೆ ಅಮ್ಮ ಹುರುಳಿಕಾಯಿ ಬಿಡಿಸುತ್ತಾ ಕೂತರೂ ನಡೆಯುತ್ತದೆ. ಒಂಟಿಯಾಗಿದ್ದರೆ ಗೆಳೆಯನ ಜೊತೆ ವಿಡಿಯೋ ಕಾಲ್ ಹಾಕಿ, ಇಬ್ಬರೂ ಮಾತಿಲ್ಲದೆ ಕೆಲಸ ಮಾಡಿ. ವಿಚಿತ್ರ ಅನ್ನಿಸಬಹುದು, ಆದರೆ ಬಹಳ ಜನರಿಗೆ ಉಳಿದೆಲ್ಲಕ್ಕಿಂತ ಇದೇ ಹಿಡಿಸುತ್ತದೆ.

ಬಾಯಿಮಾತಿನಲ್ಲಿ ಹೇಳಿದ ಕೆಲಸವನ್ನು ತಕ್ಷಣ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ: "ಸರ್, ಶುಕ್ರವಾರದೊಳಗೆ ಈ ಎರಡು ಕೊಡಬೇಕು, ಸರಿ ತಾನೇ?" ಅಂಗಡಿ ನಡೆಸುವವರು ಗಿರಾಕಿಯ ಆರ್ಡರನ್ನು ಅವರ ಎದುರೇ ಬರೆದುಕೊಳ್ಳಿ. ಕೊನೆಯ ದಿನ ದೂರ ಇದ್ದರೆ ನಡುವೆ ಇನ್ನೊಬ್ಬರಿಗೆ ತೋರಿಸುವ ದಿನ ಇಟ್ಟುಕೊಳ್ಳಿ. ನಿಮಗೆ ನೀವೇ ಹಾಕಿಕೊಂಡ ಗಡುವು ಲೆಕ್ಕಕ್ಕಿಲ್ಲ, ಅದು ನಿಮಗೂ ಗೊತ್ತು.

ಆಫೀಸಿನಲ್ಲಿ ಹೇಳಬೇಕಾ? ನನ್ನ ಅಭಿಪ್ರಾಯ: ಹೆಸರು ಹೇಳುವ ಆತುರ ಬೇಡ, ಬೇಕಾದ ಅನುಕೂಲ ಕೇಳಿ. "ಗೋಡೆ ಕಡೆ ಸೀಟು ಕೊಡಿ", "ಬರೆದು ಕಳಿಸಿ" ಎಂದು ಕೇಳಲು ಸರ್ಟಿಫಿಕೇಟ್ ಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ, ಅದೊಂದರ ಮೇಲೆ ಮೀಸಲಾತಿ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಇನ್ಶೂರೆನ್ಸ್ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಭೇದ ಮಾಡಬಾರದು ಅನ್ನುತ್ತದೆ. ಆದರೆ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಗೆ ಸೇರಿದರೆ ಮಾತ್ರ ಕೊಡುತ್ತವೆ. ತಿಂಗಳ ಗುಳಿಗೆ ಖರ್ಚಿಗೆ ಒಪಿಡಿ ಸೌಲಭ್ಯ ಇದೆಯಾ ನೋಡಿ.

ಹಂತ 7: ದುಡ್ಡು

ಕರೆಂಟ್, ನೀರು, ಫೋನ್, ಇನ್ಶೂರೆನ್ಸ್, ಎಲ್ಲ ಆಟೋಪೇಗೆ ಹಾಕಿ. 15,000 ರೂಪಾಯಿವರೆಗಿನ ಇಂಥ ಬಿಲ್ಲಿಗೆ ಪ್ರತಿ ಸಲ ಒಟಿಪಿ ಬೇಡ, ಹಣ ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರುತ್ತದೆ. ಇವಕ್ಕೆಂದೇ ಬೇರೆ ಖಾತೆ ಇಡಿ. ಸಂಬಳ ಬಂದ ದಿನ ಅಷ್ಟು ದುಡ್ಡು ಅಲ್ಲಿಗೆ ತಾನೇ ಹೋಗಲಿ. ಹತ್ತು ನಿಮಿಷದಲ್ಲಿ ಸಾಮಾನು ತರುವ ಆ್ಯಪ್‌ಗಳಲ್ಲಿ ಕಾರ್ಡ್ ನಂಬರ್ ಉಳಿಸಬೇಡಿ. ಪ್ರತಿ ಸಲ ಎದ್ದು ಕಾರ್ಡ್ ತರಬೇಕಾದರೆ ಅರ್ಧ ಖರೀದಿ ಅಲ್ಲೇ ನಿಲ್ಲುತ್ತದೆ. ಸ್ನೇಹಿತರ ಸಾಲಕ್ಕೆ ಜಾಮೀನು ಹಾಕುವ ಮಾತಿಗೆ "ಮನೇಲಿ ಕೇಳಿ ನಾಳೆ ಹೇಳ್ತೀನಿ" ಎಂಬ ಉತ್ತರ ಬಾಯಿಪಾಠ ಮಾಡಿಕೊಳ್ಳಿ.

ಹಂತ 8: ಮನೆಯವರು

ಈ ಭಾಗವನ್ನು ಅವರಿಗೆ ತೋರಿಸಿ. ಅಡುಗೆಮನೆಯಿಂದ ಕೂಗಿ "ರೀ, ಬರ್ತಾ ಮೊಸರು ತನ್ನಿ" ಎಂದರೆ ಅದು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಹತ್ತಿರ ಬಂದು, ಮುಖ ನೋಡಿ ಒಂದೇ ಕೆಲಸ ಹೇಳಿ, ಇಲ್ಲವೇ ಮೆಸೇಜ್ ಹಾಕಿ. ಮರೆತಿದ್ದಕ್ಕೂ ಪ್ರೀತಿ ಕಮ್ಮಿಯಾಗಿದ್ದಕ್ಕೂ ಸಂಬಂಧ ಇಲ್ಲ. ಹಾಗಂತ ಎಡಿಎಚ್‌ಡಿ ಇರುವವರು ಅದನ್ನೇ ನೆಪ ಮಾಡಿಕೊಂಡು ಮನೆಯ ನೆನಪಿನ ಭಾರವನ್ನೆಲ್ಲ ಹೆಂಡತಿಯ ತಲೆಗೆ ಕಟ್ಟುವುದೂ ಸರಿಯಲ್ಲ. ಕೆಲಸ ಹಂಚಿಕೊಳ್ಳುವಾಗ ತಾರೀಖು ನೆನಪಿಡಬೇಕಾದವು ಮನೆಯವರಿಗೆ, ಅಲ್ಲೇ ಶುರುವಾಗಿ ಅಲ್ಲೇ ಮುಗಿಯುವವು (ಪಾತ್ರೆ, ಮಾರ್ಕೆಟ್ಟು, ಮಕ್ಕಳ ಸ್ನಾನ) ಎಡಿಎಚ್‌ಡಿ ಇರುವವರಿಗೆ. ಅತ್ತೆ ಮಾವನಿಗೆ ಕಾಯಿಲೆಯ ಹೆಸರು ವಿವರಿಸಲೇಬೇಕು ಅಂತೇನಿಲ್ಲ.

ಹಂತ 9: ಎಲ್ಲ ಕುಸಿದ ವಾರ

ಹಬ್ಬ, ಜ್ವರ, ಊರಿಗೆ ಹೋಗಿಬರುವುದು, ಯಾವುದೋ ಒಂದರ ನಂತರ ಇಡೀ ವ್ಯವಸ್ಥೆ ಬಿದ್ದುಹೋಗುತ್ತದೆ. ಎಲ್ಲರಿಗೂ ಆಗುತ್ತದೆ. ಎಲ್ಲವನ್ನೂ ಒಟ್ಟಿಗೆ ಎತ್ತಿ ನಿಲ್ಲಿಸಲು ಹೋಗಬೇಡಿ. ಮೊದಲು ನಿದ್ದೆ ಮತ್ತು ಗುಳಿಗೆ. ಎರಡು ದಿನ ಬಿಟ್ಟು ಕೀಲಿಯ ಮೊಳೆ. ಆಮೇಲೆ ಕ್ಯಾಲೆಂಡರ್. ಬಾಕಿ ಉಳಿದ ಕೆಲಸಗಳಲ್ಲಿ ದಂಡ ಬೀಳುವುದು ಯಾವುದು ನೋಡಿ, ಅದೊಂದನ್ನು ಮಾಡಿ.

ಗುಳಿಗೆ ಮುಗಿಯುವ ಹತ್ತು ದಿನ ಮೊದಲಿಗೆ ಫೋನಿನಲ್ಲಿ ಅಲಾರಂ ಇಟ್ಟಿರಿ. ಶೆಡ್ಯೂಲ್ ಎಕ್ಸ್ ಔಷಧಿ ಹಳೆಯ ಚೀಟಿ ತೋರಿಸಿದರೆ ಸಿಗುವುದಿಲ್ಲ, ಹೊಸ ಚೀಟಿ ಬೇಕು, ಡಾಕ್ಟರು ರಜೆಯಲ್ಲಿದ್ದರೆ ನಿಮ್ಮ ವಾರ ಹೋದಂತೆಯೇ. ಕುಸಿತ ವಾರ ದಾಟಿ ಹೋದರೆ, ಊಟ ನಿದ್ದೆ ಎರಡೂ ಕೆಟ್ಟು ಬದುಕೇ ಬೇಡ ಅನ್ನಿಸತೊಡಗಿದರೆ, ಅದನ್ನು ಎಡಿಎಚ್‌ಡಿ ಲೆಕ್ಕಕ್ಕೆ ಹಾಕಿ ಸುಮ್ನೆ ಇರಬೇಡಿ. ಇದರ ಜೊತೆ ಖಿನ್ನತೆ ಬರುವುದು ಮಾಮೂಲು, ಅದಕ್ಕೆ ಚಿಕಿತ್ಸೆ ಬೇರೆಯೇ ಇದೆ. 14416 ದಿನದ 24 ಗಂಟೆಯೂ ಇರುತ್ತದೆ. ನಂಬರನ್ನು ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ, ಆಮೇಲೆ ಅಂದರೆ ಮರೆಯುತ್ತೀರಿ.